ಗಾಜಿನ ಬೀರುವಿನ ಪುಸ್ತಕ

"ಹೊಲಸು ಎಲ್ಲಿದೆ ಅಂತ ಹುಡುಕೋದೇ ಬೇಡ, ಪುಸ್ತಕ ತಾನಾಗೇ ಬಾಯಿ ಬಿಡುತ್ತೆ ನೋಡಿ," ಎಂದರು ಅಧ್ಯಕ್ಷರು. ಹಳೆಯ ಕಾದಂಬರಿಯನ್ನು ಬೆನ್ನು ಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ ಕೈ ಬಿಟ್ಟರು. ಪುಸ್ತಕ ನಡುವೆಲ್ಲೋ ಎರಡಾಗಿ ತೆರೆದುಕೊಂಡಿತು. ಮಿಕ್ಕ ಹಾಳೆಗಳೆಲ್ಲ ತೆಳು ಹಳದಿ. ಆ ಎರಡು ಪುಟ ಮಾತ್ರ ಕಂದು, ಇಸ್ತ್ರಿಪೆಟ್ಟಿಗೆಯನ್ನು ಮರೆತು ಇಟ್ಟ ಬಟ್ಟೆಯ ಹಾಗೆ. "ಅಬ್ಬಬ್ಬಾ! ಎಷ್ಟು ಕೈ ಆಡಿರಬೇಕು ಈ ಪುಟದ ಮೇಲೆ! ಓದಿ ಮೇಷ್ಟ್ರೇ, ಎಲ್ಲರಿಗೂ ಕೇಳಲಿ."

ಲೈಬ್ರರಿ ಸಮಿತಿಯ ಸಭೆ ಅದು. ಯಾರೋ ಪೋಷಕರು ದೂರು ಕೊಟ್ಟಿದ್ದರು, ಒಂಬತ್ತು ಪುಸ್ತಕಗಳ ಪಟ್ಟಿ ತಯಾರಾಗಿತ್ತು. ಒಂಬತ್ತನ್ನೂ ಕಪಾಟಿನಿಂದ ತೆಗೆದು ರದ್ದಿಗೆ ಹಾಕುವುದೆಂದು ಪೇಂಟ್ ಅಂಗಡಿ ಇಟ್ಟಿದ್ದ ಅಧ್ಯಕ್ಷರು ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು. ಇದ್ದವರು ಐದು ಜನ: ಅವರು, ನಿವೃತ್ತ ಲೆಕ್ಕದ ಮೇಷ್ಟ್ರು, ಹಲ್ಲಿನ ಡಾಕ್ಟರು, ಬೇಕರಿಯವನು, ಓದುಗರ ಪ್ರತಿನಿಧಿಯಾಗಿ ಟೈಲರಮ್ಮ. ಇಡೀ ದಿನ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವ ಹೆಂಗಸು ಸಭೆಯಲ್ಲಿ ಬಾಯಿ ಬಿಡಲಾರಳೆಂದು ಎಣಿಸಿಯೇ ಅಧ್ಯಕ್ಷರು ಅವಳನ್ನು ಸೇರಿಸಿದ್ದರು. ಎರಡು ವರ್ಷ ಅವರ ಎಣಿಕೆ ತಪ್ಪಿರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಅವರು ಕನ್ನಡಕ ಒರೆಸಲು ಕೂತರೆ ಒಂದು ಊಟ ಮುಗಿಸಿ ಬರಬಹುದು. ಟೈಲರಮ್ಮ ಆ ಪುಸ್ತಕದ ರಟ್ಟನ್ನೇ ನೋಡುತ್ತಿದ್ದಳು. ಅದು ಅವಳು ಗಾಜಿನ ಆಚೆಯಿಂದ ಓದಿದ ಪುಸ್ತಕ.

ಆಗ ಅವಳಿಗೆ ಹನ್ನೊಂದು ವರ್ಷ. ಹೊಡೆಯುವ ಗಂಡನನ್ನು ಬಿಟ್ಟು, ಒಂದು ತಗಡಿನ ಪೆಟ್ಟಿಗೆ ಹಿಡಿದು ಹೊರಟ ಹೆಂಗಸಿನ ಕಥೆ ಅದು. ಕೊನೆಯ ಪುಟದವರೆಗೂ ಆ ಹೆಂಗಸಿಗೆ ಕೆಟ್ಟದ್ದೇನೂ ಆಗುವುದಿಲ್ಲ. ದೊಡ್ಡವರಿಗೆ ಸಹಿಸಲು ಆಗದಿದ್ದದ್ದು ಅದೇ. ಅಂದಿನ ಸಮಿತಿ ಆಜ್ಞೆ ಹೊರಡಿಸಿತು: ಸದರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು, ಯಾರ ಕೈಗೂ ಕೊಡತಕ್ಕದ್ದಲ್ಲ.

ಆಗಿನ ಲೈಬ್ರರಿಯನ್ನರನ್ನು ಮಕ್ಕಳೆಲ್ಲ ಲೈಬ್ರರಿ ಮಾವ ಅನ್ನುತ್ತಿದ್ದರು. ಸಣಕಲು ಮನುಷ್ಯ, ಜೋರಾಗಿ ಕೆಮ್ಮಿದವರೂ ಅಲ್ಲ. ಆಜ್ಞೆಯನ್ನು ಅಕ್ಷರ ಬಿಡದೆ ಪಾಲಿಸಿದರು. ಪುಸ್ತಕವನ್ನು ಬೀರುವಿನಲ್ಲಿಟ್ಟರು, ಬೀಗ ಹಾಕಿದರು. ಬೀರುವಿಗೆ ಗಾಜಿನ ಬಾಗಿಲಿತ್ತು. ಪುಸ್ತಕವನ್ನು ಅದರೊಳಗೆ ಮರದ ಹಲಗೆಯ ಮೇಲೆ ತೆರೆದಿಟ್ಟಿದ್ದರು. ದಿನಾ ಬೆಳಿಗ್ಗೆ ಬೀಗ ತೆಗೆದು ಒಂದು ಹಾಳೆ ತಿರುವಿ ಮತ್ತೆ ಬೀಗ ಹಾಕುತ್ತಿದ್ದರು. ಯಾರಾದರೂ ಕೇಳಿದರೆ, "ಗಾಳಿ ಆಡಬೇಕಲ್ಲಪ್ಪ, ಇಲ್ಲಾಂದ್ರೆ ಹುಳ ಹಿಡಿಯುತ್ತೆ," ಅನ್ನುವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಇದೇ ಇರಬೇಕು.

ಶಾಲೆ ಬಿಟ್ಟು ಬಂದ ಹುಡುಗಿ ಗಾಜಿಗೆ ಮೂಗು ಒತ್ತಿ ದಿನಕ್ಕೆರಡು ಪುಟ ಓದಿದಳು. ನಾಲ್ಕನೆಯ ದಿನ ಬೀರುವಿನ ಮುಂದೆ ಒಂದು ಸ್ಟೂಲು ಬಂದು ಕೂತಿತ್ತು. ಗಾಜಿನ ಮೇಲೆ ಅವಳ ಮೂಗಿನ ಗುರುತು ಬೀಳುತ್ತಿತ್ತು, ಮರುದಿನ ನೋಡಿದರೆ ಗಾಜು ಸ್ವಚ್ಛ. ಮಾವ ಅವಳ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ಮನೆಗೆ ಬಂದು ಓದಿದ್ದನ್ನೆಲ್ಲ ಅಮ್ಮನಿಗೆ ಹೇಳುವಳು. ಅಮ್ಮನಿಗೆ ಓದು ಬರದು. ಹೊಲಿಗೆ ಯಂತ್ರ ತುಳಿಯುತ್ತಲೇ ಕೇಳುವಳು. ಆ ಮನೆಯಲ್ಲೂ ಅಪ್ಪನ ಕೈ ಮೇಲೇಳುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಅಕ್ಕಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಉಣ್ಣುವುದಕ್ಕೇ ಆಗದಂತೆ ಅಮ್ಮನ ದವಡೆ ಊದಿರುತ್ತಿತ್ತಲ್ಲ, ಅದನ್ನು ಯಾವ ಗಾದೆಯೂ ಹೇಳಲಿಲ್ಲ.

ಪುಸ್ತಕದ ಹೆಂಗಸು ಪೆಟ್ಟಿಗೆ ಹಿಡಿದು ಬಾಗಿಲು ದಾಟಿದ ದಿನ ಯಂತ್ರ ನಿಂತಿತು. "ಆಮೇಲೆ?" ಎಂದಳು ಅಮ್ಮ. ನಾಳೆ ಗೊತ್ತಾಗುತ್ತೆ ಎಂದಳು ಮಗಳು. ಆದರೆ ಮರುದಿನ ಹುಡುಗಿಗೆ ಟೈಫಾಯ್ಡು. ಇಪ್ಪತ್ತೆರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಅಮ್ಮ ತನ್ನಷ್ಟಕ್ಕೇ, "ಹೊರಟೋಳು ಎಲ್ಲಿಗೆ ಹೋದ್ಲೋ ಏನೋ," ಅನ್ನುವಳು. ಕಾಲಲ್ಲಿ ಶಕ್ತಿ ಬಂದ ದಿನವೇ ಹುಡುಗಿ ಲೈಬ್ರರಿಗೆ ಓಡಿದಳು. ಇಷ್ಟರಲ್ಲಿ ಎಷ್ಟೋ ಪುಟ ದಾಟಿ ಹೋಗಿರುತ್ತವೆಂದು ದಾರಿಯುದ್ದಕ್ಕೂ ಅಳು. ನೋಡಿದರೆ ಆ ಹೆಂಗಸು ಆಗಷ್ಟೇ ಬಸ್ ಸ್ಟಾಪಿಗೆ ಬಂದಿದ್ದಳು! ಒಂದು ಪುಟವೂ ತಪ್ಪಿರಲಿಲ್ಲ.

"ಪಾಪ, ಆ ಮನುಷ್ಯನಿಗೂ ಜ್ವರ ಬಂದಿತ್ತೇನೋ," ಎಂದಿದ್ದಳು ಅಮ್ಮ. ಹುಡುಗಿಯೂ ಹಾಗೇ ನಂಬಿದಳು. ಪುಸ್ತಕ ಮುಗಿದ ತಿಂಗಳಲ್ಲಿ ಅಮ್ಮ ಹೊಲಿಗೆ ಯಂತ್ರದ ತಲೆಯನ್ನು ದುಪ್ಪಟಿಯಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ಹೊರಟಳು. ಇವತ್ತಿನ ಟೈಲರಿಂಗ್ ಅಂಗಡಿ ಶುರುವಾದದ್ದು ಹಾಗೆ. ಆ ಸಮಿತಿ ಹೋದ ಮೇಲೆ ಪುಸ್ತಕವೂ ಬೀರು ಬಿಟ್ಟು ಕಪಾಟಿಗೆ ಬಂದಿತ್ತು.

ಮೇಷ್ಟ್ರು ಅಂತೂ ಕನ್ನಡಕ ಏರಿಸಿ ಓದತೊಡಗಿದರು. "ಬಸ್ಸು ಬರಲಿಲ್ಲ. ಅವಳು ಪೆಟ್ಟಿಗೆಯ ಮೇಲೆ ಕೂತಳು. ಪಕ್ಕದಲ್ಲಿದ್ದ ಮುದುಕಿ, ಎಲ್ಲಿಗಮ್ಮ ಎಂದು ಕೇಳಿದಳು. ಇನ್ನೂ ಗೊತ್ತಿಲ್ಲ ಎಂದಳು."

ಬೇಕರಿಯವನು ಮುಂದಕ್ಕೆ ಬಾಗಿದ. "ಆಮೇಲೆ?"

"ಆಮೇಲೆ ಬಸ್ಸು ಬಂತು. ಕಿಟಕಿ ಪಕ್ಕ ಜಾಗ ಸಿಕ್ಕಿತು."

"ಅಷ್ಟೇನಾ? ಥೂ, ನಮ್ಮ ಅಂಗಡೀಲಿ ಇದಕ್ಕಿಂತ ಜಾಸ್ತಿ ನಡೆಯುತ್ತೆ!"

ಡಾಕ್ಟರು ನಕ್ಕರು. ಟೈಲರಮ್ಮ ನಗಲಿಲ್ಲ. ಅವಳ ಕಣ್ಣು ಆ ಕಂದು ಪುಟಗಳ ಮೇಲಿತ್ತು. ಪಶ್ಚಿಮದ ಕಿಟಕಿಯ ಬಿಸಿಲು ದಿನಾ ಸಂಜೆ ಆ ಗಾಜಿನ ಮೇಲೆ ಬೀಳುತ್ತಿತ್ತು. ಒಂದೊಂದು ಪುಟಕ್ಕೆ ಒಂದೊಂದೇ ದಿನದ ಬಿಸಿಲು. ಈ ಎರಡಕ್ಕೆ ಮಾತ್ರ ಇಪ್ಪತ್ತಮೂರು ದಿನದ್ದು: ಅವಳು ಹಾಸಿಗೆ ಹಿಡಿದ ಇಪ್ಪತ್ತೆರಡು, ಎದ್ದು ಬಂದ ದಿನದ್ದೊಂದು. ಮಾವ ದಿನಾ ಬಂದು ಆ ಕಿಟಕಿ ತೆರೆದಿದ್ದರು, ಹಾಳೆ ಮಾತ್ರ ತಿರುವಿರಲಿಲ್ಲ. ಮನುಷ್ಯನಿಗೆ ಜ್ವರವೂ ಬಂದಿರಲಿಲ್ಲ, ಮರೆವೂ ಬಂದಿರಲಿಲ್ಲ. ಇಷ್ಟು ವರ್ಷ ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು.

ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು. "ಅದು ಕೈ ಆಡಿ ಆಗಿದ್ದಲ್ಲ ಸರ್. ಆಗ ಗಾಜಿನ ಬೀರುವಲ್ಲಿ ತೆರೆದಿಟ್ಟು ಬೀಗ ಹಾಕಿದ್ರು, ಬಿಸಿಲಿಗೆ ಆಗಿದ್ದು. ಈ ಪುಸ್ತಕಾನ ನಾನು ಹನ್ನೊಂದನೇ ವಯಸ್ಸಲ್ಲಿ ಪೂರ್ತಿ ಓದಿದೀನಿ."

"ಹನ್ನೊಂದಕ್ಕೇ?" ಅಧ್ಯಕ್ಷರ ಹುಬ್ಬು ಮೇಲೇರಿತು. "ಓದಿ ಏನಾದ್ರಿ?"

"ನಿಮ್ಮ ಮೈಮೇಲಿರೋ ಕೋಟು ಹೊಲಿದೋಳಾದೆ."

ಅಧ್ಯಕ್ಷರು ಅರಿವಿಲ್ಲದೆ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. ಅವಳಿಗೆ ಅಷ್ಟು ಮಾತಾಡಿ ಅಭ್ಯಾಸವಿರಲಿಲ್ಲ, ಆದರೂ ನಿಲ್ಲಿಸಲಿಲ್ಲ. "ನಮ್ಮಮ್ಮ ಹೊಡೆತ ತಿಂತಿದ್ದಾಗ ಈ ಊರಲ್ಲಿ ಒಬ್ಬರೂ ಬಾಗಿಲು ತೆಗೀಲಿಲ್ಲ. ಈ ಪುಸ್ತಕ ತೆಗೀತು. ನೀವ್ಯಾರೂ ಓದಿಲ್ಲ, ಪಟ್ಟಿ ಓದಿದೀರಿ ಅಷ್ಟೇ. ಮೊದಲು ಪುಸ್ತಕ ಓದಿ, ಆಮೇಲೆ ಬೈಯಿರಿ."

ಅಧ್ಯಕ್ಷರು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಆಯ್ತಮ್ಮ, ರದ್ದಿಗೆ ಬೇಡ. ಆ ಗಾಜಿನ ಬೀರು ಇನ್ನೂ ಇದೆಯಲ್ಲ, ಅದರಲ್ಲಿಟ್ಟು ಬೀಗ ಹಾಕೋಣ. ನಿಮಗೂ ಸಮಾಧಾನ, ನಮಗೂ ಸಮಾಧಾನ."

ಒಂದು ಕ್ಷಣ ಅವಳಿಗೂ ಆಸೆಯಾಯಿತು. ಹೂಂ ಅಂದರೆ ಮುಗಿಯಿತು, ಪುಸ್ತಕ ಉಳಿಯಿತು. ಆ ಬೀರು ಅವಳಿಗೆ ಅಷ್ಟು ಕೊಟ್ಟಿತ್ತು. ಆದರೆ ಕೊಟ್ಟದ್ದು ಬೀರುವೇ?

"ಬೇಡ ಸರ್," ಎಂದಳು, ಕಡ್ಡಿ ಮುರಿದ ಹಾಗೆ. "ಆ ಗಾಜಿನ ಮುಂದೆ ಒಬ್ಬರೇ ನಿಲ್ಲಬಹುದಿತ್ತು. ಎಲ್ಲ ಮಕ್ಕಳಿಗೂ ಅಂಥ ಮಾವ ಸಿಗಲ್ಲ. ಕಪಾಟಿನಲ್ಲೇ ಇರಲಿ, ಕೈಗೆ ಸಿಗೋ ಹಾಗೆ."

ಒಂಬತ್ತಕ್ಕೂ ಒಟ್ಟಿಗೇ ಕೈ ಎತ್ತಿಸಿದರು. ಮೇಷ್ಟ್ರು ಅವಳ ಕಡೆ, ಡಾಕ್ಟರೂ ಅವಳ ಕಡೆ. ಮುಂದೇನಾಯಿತೆಂದು ತಿಳಿಯುವ ತನಕ ನಾನು ಯಾರ ಕಡೆಯೂ ಅಲ್ಲ ಎಂದು ಬೇಕರಿಯವನು ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಒಂಬತ್ತೂ ಉಳಿದವು.

ಹೊರಗೆ ಓದುವ ಕೋಣೆಯ ಬೆಂಚಿನ ಮೇಲೆ ಲೈಬ್ರರಿ ಮಾವ ಕೂತಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ದಿನಾ ಬಂದು ಪೇಪರ್ ಓದುತ್ತಾರೆ. ಟೈಲರಮ್ಮ ಪಕ್ಕದಲ್ಲಿ ಹೋಗಿ ಕೂತಳು.

"ಮಾವ, ನನಗೆ ಟೈಫಾಯ್ಡ್ ಬಂದಾಗ ನೀವು ಪುಟ ತಿರುವಿರಲಿಲ್ಲ."

"ಹೌದಾ?" ಅವರು ಪೇಪರಿನಿಂದ ಕಣ್ಣು ತೆಗೆಯಲಿಲ್ಲ. "ಮರೆತಿರಬೇಕು ಬಿಡಮ್ಮ. ವಯಸ್ಸು."

"ಆಗ ನಿಮಗೆ ಮೂವತ್ತು ದಾಟಿರಲಿಲ್ಲ."

ಅವಳು ಕಣ್ಣು ಒರೆಸಿಕೊಂಡು, ಸುಮ್ಮನೆ ಕೂರಲಾರದೆ, ಅವರು ಹಿಡಿದಿದ್ದ ಪೇಪರನ್ನೇ ಓದತೊಡಗಿದಳು. ಯಾವುದೋ ಸೇತುವೆಯ ಸುದ್ದಿ, ಉದ್ದಕ್ಕಿತ್ತು. ಅರ್ಧ ಓದುವಷ್ಟರಲ್ಲಿ ಅವರದು ಮುಗಿದದ್ದು ಅವಳಿಗೆ ತಿಳಿಯಿತು. ಹೆಬ್ಬೆರಳು ಆಗಲೇ ಹಾಳೆಯ ಮೂಲೆ ಹಿಡಿದಿತ್ತು. ಅವರು ತಿರುವಲಿಲ್ಲ. ಅವಳ ಕಣ್ಣು ಕೊನೆಯ ಸಾಲಿಗೆ ಬರುವವರೆಗೂ ಹಾಗೇ ಹಿಡಿದು ಕೂತಿದ್ದರು.