ಅಕ್ಕನ ಮನೆಯ ಊಟ

ಶವಕ್ಕೆ ಅಂಗಿ ತೊಡಿಸಲು ಬಗ್ಗಿದ ವಿರೂಪಾಕ್ಷಮ್ಮನ ಕೈಯಿಂದ ಪಂಪಾವತಿ ಅಂಗಿ ಕಿತ್ತುಕೊಂಡಳು.

"ಬಿಡ್ರಿ ಅಕ್ಕಾರ. ನನ್ನ ಗಂಡಗ ನಾನ ಹಾಕತೇನಿ."

ವಿರೂಪಾಕ್ಷಮ್ಮ ತಮ್ಮ ದೇವೇಂದ್ರಪ್ಪನ ತಲೆಯ ಬಳಿಯಿಂದ ಸರಿದು ಕುಳಿತಳು.

ಅಂಗಳದಲ್ಲಿ ಕಿನ್ನಾಳದ ಗಂಡಸರು ಚಟ್ಟ ಕಟ್ಟುತ್ತಿದ್ದರು.

"ದೇವೇಂದ್ರಪ್ಪ ಕಣ್ಣು ಬರದ್ರ ಗೊಂಬಿ ನಮ್ಮನ್ನ ನೋಡಿದಂಗ ಆಕ್ಕಿತ್ತು," ಎಂದ ಅವನ ಜೊತೆ ಗೊಂಬೆಗೆ ಬಣ್ಣ ಹಚ್ಚುತ್ತಿದ್ದ ದುರಗಪ್ಪ. "ಕೈ ನಡುಗಾಕ ಹತ್ತಿದ ಮ್ಯಾಲೆ ಬರೀ ಬಿಳಿ ಬಣ್ಣ ಬಳಿಯೂದ ಆತು."

"ಊಟಾನೂ ಅಕ್ಕನ ಮನ್ಯಾಗ ಮಾಡತಿದ್ದ ಅಲ್ಲೇನು?" ಎಂದರು ಯಾರೋ.

ಗುಂಡಿ ಹಾಕುತ್ತಿದ್ದ ಪಂಪಾವತಿಯ ಬೆರಳು ನಿಂತವು. 'ಅಕ್ಕನ ಮನ್ಯಾಗ ಉಂಡು ಬಂದೆ.' ಎಷ್ಟು ವರ್ಷ ಗಂಡನ ಬಾಯಿಂದ ಅದನ್ನೇ ಕೇಳಿದ್ದಳು. ಮಾಡಿಟ್ಟ ಅಡುಗೆಯನ್ನು ಎಷ್ಟು ಸಲ ಎಮ್ಮೆಗೆ ಹಾಕಿದ್ದಳು.

*

ಹೋದ ವರ್ಷ ಮೂವರೂ ಚಕ್ಕಡಿಯಲ್ಲಿ ಕೊಪ್ಪಳಕ್ಕೆ, ನಿಜಾಮ ಸರಕಾರದ ದವಾಖಾನೆಗೆ ಹೋಗಿದ್ದರು. ಡಾಕ್ಟರು ದೇವೇಂದ್ರಪ್ಪನಿಗೆ ತುಂಬಿದ ಲೋಟ ಕೊಟ್ಟು ಕುಡಿಯಲು ಹೇಳಿದರು. ನೀರು ಎದೆಯ ಮೇಲೆ ಚೆಲ್ಲಿತು. ಪಾಟಿ ಬಳಪ ಕೊಟ್ಟು ಗೆರೆ ಎಳೆಸಿದರು. ಗೆರೆ ಗರಗಸದ ಹಲ್ಲಿನಂತಾಯಿತು.

"ಈ ನಡುಕ ದಿನದ ಕೆಲಸ ಎಷ್ಟು ಕೆಡಿಸೇತಿ ಅಂತ ನನಗ ತಿಳೀಬೇಕು. ತಮ್ಮ ಕೈಲೆ ಉಣ್ಣತಾರೇನು?"

"ಉಣ್ಣತಾರ್ರಿ," ಎಂದಳು ಪಂಪಾವತಿ.

"ಪೂರ್ತಿ ಆಗೂದಿಲ್ರಿ," ಎಂದಳು ವಿರೂಪಾಕ್ಷಮ್ಮ. "ರೊಟ್ಟಿ ಹಿಡಿತಾನ. ಅನ್ನ ಬಾಯಿಗೆ ಮುಟ್ಟೂದಿಲ್ಲ. ನೀರು ಅರ್ಧ ಲೋಟ, ಅದೂ ಎರಡೂ ಕೈಲೆ."

"ಅಂಗಿ ಗುಂಡಿ?"

"ಬಿಚ್ಚೂದ ಇಲ್ರಿ. ಹಂಗ ತಲಿಮ್ಯಾಲಿಂದ ತಗೀತಾನ."

ಆಮೇಲೆ ಡಾಕ್ಟರು ಪ್ರತಿಯೊಂದನ್ನೂ ವಿರೂಪಾಕ್ಷಮ್ಮನನ್ನೇ ಕೇಳಿದರು. ಗಂಡನ ಕೈ ನಡುಗುವುದು ಪಂಪಾವತಿಗೆ ಗೊತ್ತಿತ್ತು. ಎಷ್ಟೆಂದು ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಗಂಡನನ್ನು ಕೇಳಿದಳು. "ನನ್ನ ಮುಂದ ಯಾಕ ಮುಚ್ಚಿಟ್ರಿ?"

"ನಿನ್ನ ಮುಂದ ಚೆಲ್ಲಾಕ ನಾಚಿಕಿ."

"ಅಕ್ಕನ ಮುಂದ ನಾಚಿಕಿ ಇಲ್ಲೇನು?"



*

ಮಣ್ಣು ಮಾಡಿ ಬಂದವರು ಸ್ನಾನ ಮುಗಿಸಿ ಹೋದರು. ಒಲೆ ಹಚ್ಚದ ಮನೆಗೆ ನೆರೆಯ ಅನ್ನಮ್ಮ ನವಣೆ ಅನ್ನ, ಸಾರು ತಂದಿಟ್ಟು ಹೋದಳು.

"ನನಗ ಹಸಿವಿಲ್ಲವ್ವಾ," ಎಂದಳು ವಿರೂಪಾಕ್ಷಮ್ಮ.

"ನನ್ನ ಮನ್ಯಾಗ ಯಾವತ್ತರ ಉಂಡೀರೇನು? ಇವತ್ತರ ಉಣ್ರಿ." ಪಂಪಾವತಿಯ ಮಾತಿನಲ್ಲಿ ಉಪಚಾರವಿರಲಿಲ್ಲ. ತಾಟನ್ನು ಮುಂದಕ್ಕೆ ನೂಕಿದಳು.

ವಿರೂಪಾಕ್ಷಮ್ಮ ತುತ್ತು ಎತ್ತಿದಳು. ಬಾಯಿ ಮುಟ್ಟುವ ಮೊದಲೇ ಅನ್ನ ಉದುರಿ ಸೀರೆಯ ಮೇಲೆ ಚದುರಿತು. ಎಡಗೈಯನ್ನು ಆಸರೆಗೆ ತಂದಳು. ಅದೂ ನಡುಗಿತು.

ಪಂಪಾವತಿ ಆ ಕೈಗಳನ್ನು ನೋಡಿದಳು. "ಯಾವಾಗಿಂದ್ರಿ?"

"ಅವಗಿಂತ ಮೊದ್ಲ ನನಗ ಬಂತು. ನಮ್ಮಪ್ಪಗೂ ಇತ್ತು." ವಿರೂಪಾಕ್ಷಮ್ಮ ಸೀರೆ ಮೇಲಿನ ಅಗುಳು ಆರಿಸತೊಡಗಿದಳು. "ಕದಾ ಹಾಕ್ಕೊಂಡು ಇಬ್ರೂ ಉಣ್ಣತಿದ್ವಿ. ಚೆಲ್ಲಿದ್ರ ಅಂವ ನನ್ನ ನೋಡಿ ನಗತಿದ್ದ, ನಾ ಅವನ್ನ ನೋಡಿ ನಗತಿದ್ದೆ."

ಗಂಡ ನಕ್ಕದ್ದನ್ನು ಪಂಪಾವತಿ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಅವಳು ತನ್ನ ತಾಟಿನಿಂದ ಒಂದು ಹಿಡಿ ಅನ್ನ ಎತ್ತಿದಳು. ಬಾಯಿಗಿಡದೆ ಹಾಗೇ ಹಿಡಿದು ಕುಳಿತಳು. ಎಷ್ಟು ಹೊತ್ತಾದರೂ ಒಂದು ಅಗುಳೂ ಕೆಳಗೆ ಬೀಳಲಿಲ್ಲ.