ಅತ್ತೆಯ ಅಂಗಳದ ಬಿಸಿಲು

ಚಳಿಗಾಲದಲ್ಲಿ ನಮ್ಮ ಇಳಿಜಾರಿಗೆ ಬಿಸಿಲು ಬೀಳುವುದು ಬೆಳಿಗ್ಗೆ ಒಂದಿಷ್ಟು ಹೊತ್ತು ಮಾತ್ರ. ಆಮೇಲೆ ಹಿಂದಿನ ಬೆಟ್ಟ ಅದನ್ನು ನುಂಗಿಬಿಡುತ್ತದೆ. ಎದುರಿನ ಇಳಿಜಾರಿನಲ್ಲಿ, ಸೋದರತ್ತೆಯ ಅಂಗಳಕ್ಕೆ ಸಂಜೆಯವರೆಗೂ ಬಿಸಿಲು. ಕೂಗಿದರೆ ಕೇಳುವಷ್ಟು ಹತ್ತಿರ. ನಡೆದು ಹೋದರೆ, ಕಣಿವೆ ಇಳಿದು ಹೊಳೆ ದಾಟಿ ಮತ್ತೆ ಹತ್ತುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ.

ಅಮ್ಮ ಮತ್ತು ನಾನು ಲಾಡ್ಜಿನ ಬೆಡ್‌ಶೀಟು ಒಗೆಯುತ್ತೇವೆ. ನಮ್ಮಲ್ಲಿ ಹರವಿದರೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಅದಕ್ಕೇ ಹಿಂದಿನ ದಿನವೇ ಒದ್ದೆ ಗಂಟು ಹೊತ್ತು ಅತ್ತೆಗೆ ಕೊಟ್ಟು ಬರುತ್ತೇವೆ, ಬೆಳಿಗ್ಗೆ ಅವಳು ಹರವುತ್ತಾಳೆ. ಅವಳ ಉಪಕಾರಕ್ಕೆ ನಮ್ಮ ಉಪಕಾರವೂ ಒಂದಿದೆ. ಕಣಿವೆಯ ಬಾಯಿಂದ ಮೇಲೇರುವ ಮೋಡ ಪಕ್ಕದ ಗುಡ್ಡ ಅಡ್ಡ ಇರುವುದರಿಂದ ಅವಳಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಬಿಸಿಲು ಅವಳದು, ಕಾವಲು ನಮ್ಮದು.

ಕೂಗುವುದು ಅಮ್ಮನ ಕೆಲಸ. ಅವಳ ಗಂಟಲು ಅಂಥದ್ದು. ನನ್ನನ್ನು ಅತ್ತೆ 'ಪಿಸು' ಎಂದೇ ಕರೆಯುವುದು.

ಇವತ್ತು ಅಮ್ಮ ಲಾಡ್ಜಿಗೆ ಹೋಗಿದ್ದಳು. ಇನ್ನೊಂದು ಸಲ ತೇವದ ಶೀಟು ಬಂದರೆ ಕೆಲಸವನ್ನು ಪೇಟೆಯ ಮೆಷಿನ್‌ನವರಿಗೆ ಕೊಡುತ್ತೇನೆ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಅತ್ತೆಯ ಅಂಗಳದಲ್ಲಿದ್ದ ಶೀಟು ನಾಳೆ ಬೆಳಿಗ್ಗೆಗೆ ಬೇಕಿತ್ತು.

ಮಧ್ಯಾಹ್ನ ಕಣಿವೆಯ ಬಾಯಲ್ಲಿ ಬೆಳ್ಳಗೆ ಮೋಡ ಕಂಡಿತು. ಅತ್ತೆ ಬೆನ್ನು ಹಾಕಿ ಅವರೆ ಸುಲಿಯುತ್ತಿದ್ದಳು. ನಾನು ಕೂಗಿದೆ. ಅವಳು ತಿರುಗಲಿಲ್ಲ. ತಟ್ಟೆ ಬಡಿದೆ.

"ಏನೇ ಪಿಸು, ತಟ್ಟೆ ಒಡೆದು ಹಾಕ್ತೀಯಾ?"

"ಅತ್ತೆ, ಮೋಡ. ಶೀಟು ತೆಗೀರಿ."

ಅವಳು ತಲೆಯೆತ್ತಿ ಆಕಾಶ ನೋಡಿದಳು. "ಇಲ್ಲಿ ನೆತ್ತಿ ಸುಡ್ತಿದೆ. ಬಾಳೆಲ್ಲಾ ನೆರಳಲ್ಲೇ ಕೂತವಳು ನೀನು, ಎಲ್ಲಾ ಮೋಡದ ಹಾಗೇ ಕಾಣುತ್ತೆ ನಿಂಗೆ. ನಿಮ್ಮಮ್ಮನ್ನ ಕರಿ, ಅವಳು ಹೇಳ್ಲಿ."

"ಅಮ್ಮ ಇಲ್ಲ."

"ಹಾಗಾದ್ರೆ ಬರ್ಲಿ ಬಿಡು. ಹಸಿ ಶೀಟು ತೆಗೆದು ಮಡಚಿದ್ರೆ ಆಮೇಲೆ ನನ್ನನ್ನೇ ಬೈತಾಳೆ."

ಮತ್ತೆ ಮತ್ತೆ ಕೂಗಿದೆ. ಅವಳು ಕೈಬೀಸಿ ಅವರೆ ಸುಲಿಯುತ್ತಲೇ ಇದ್ದಳು. ಮೋಡಕ್ಕೇನು ಅವಸರ, ಗುಡ್ಡದ ತುದಿಯಲ್ಲಿ ಸ್ವಲ್ಪ ನಿಂತು, ಆಮೇಲೆ ಒಂದೇ ಸಲ ಅಂಗಳಕ್ಕೆ ಇಳಿಯಿತು. ಮೊದಲು ಶೀಟು ಕಾಣದಾದವು, ಆಮೇಲೆ ಅತ್ತೆ. ಸುರಿವ ಮಳೆಯ ಸದ್ದು ಇಲ್ಲಿಗೂ ಕೇಳಿಸಿತು.

ಬಿಳಿಯೊಳಗಿಂದ ಅವಳ ದನಿ ಬಂತು. "ಸ್ವಲ್ಪ ಜೋರಾಗಿ ಹೇಳ್ಬಾರದಿತ್ತೇನೇ?"

ಎರಡೂ ಕೈ ಬಾಯಿಗೆ ಹಿಡಿದು ಕಿರುಚಿದೆ. "ಹೇಳಿದೆ ಅತ್ತೆ. ಆಗಿಂದ ಹೇಳ್ತಾನೇ ಇದ್ದೀನಿ. ನೀವೇ ನಂಬಲಿಲ್ಲ."

ಎರಡೂ ಇಳಿಜಾರಿನ ನಾಯಿಗಳು ಬೊಗಳಿದವು. ಕೆಳಗಿನ ದಾರಿಯಿಂದ, ಹೊಸ ಗಂಟು ಹೊತ್ತು ಏದುಸಿರು ಬಿಡುತ್ತಿದ್ದ ಅಮ್ಮನ ದನಿ ಕೇಳಿತು.

"ಯಾರದು, ನಮ್ಮನೆ ಹತ್ರ ಕಿರುಚ್ತಿರೋದು?"

ನಾನೇ ಎಂದು ಹೇಳಲು ನೋಡಿದೆ. ಕೂಗಿ ಕೂಗಿ ದನಿ ಮತ್ತೆ ಪಿಸುವಾಗಿತ್ತು. ಅವಳು ಬರುವುದರೊಳಗೆ, ಒದ್ದೆ ಶೀಟು ತಂದು ರಾತ್ರಿ ಒಣಗಿಸಲೆಂದು, ಅಡುಗೆಮನೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟತೊಡಗಿದೆ. ಅದು ಎರಡೇ ಎರಡು ಶೀಟಿಗೂ ಸಾಲುವಂತಿರಲಿಲ್ಲ.