ಯಾರೂ ಕುಡಿಯದ ಚಹಾ

ರೋಣದಲ್ಲಿ ಏನೇನು ಇಲ್ಲ ಎಂದು ತಿಳಿಯಬೇಕಾದರೆ ಸಂಜೆ ಖಾದರನ ಚಹಾದಂಗಡಿಗೆ ಹೋಗಬೇಕು. ಒಬ್ಬರಿಗೆ ದೊಡ್ಡ ಸಿನಿಮಾ ಥಿಯೇಟರ್ ಬೇಕು. ಇನ್ನೊಬ್ಬರಿಗೆ ಗದಗಕ್ಕೆ ಓಡದೆ ಇಲ್ಲೇ ಸ್ಕ್ಯಾನಿಂಗ್ ಆಗಬೇಕು. ಮತ್ತೊಬ್ಬರಿಗೆ ಕೇಳಿದ ಕೂಡಲೇ ಕೇಕು ಕೊಡುವಂಥ ಬೇಕರಿ ಬೇಕು. ವಕೀಲ ಶ್ರೀಧರರಾಯರಿಗೆ ಮಾತ್ರ ವರ್ಷಗಳಿಂದ ಒಂದೇ ಆಸೆ.

"ಒಂದು ಈಜುಕೊಳ ಆತಂದ್ರ ನೋಡ್ರಿ, ಊರಿಗೆ ಕಳಾ ಬರ್ತದ."

"ಮೊದಲ ನಳದಾಗ ನೀರ ಬರ್ಲಿ ರಾಯರ," ಎಂದ ಖಾದರ ಲೋಟ ತೊಳೆಯುತ್ತ. "ಸದ್ಯಕ್ಕ ನೀವು ಕೊಡದಾಗ ಈಜಬೇಕ."

ಎಲ್ಲರೂ ನಕ್ಕರು. ಎದುರಿನ ಜವಳಿ ಅಂಗಡಿಯ ಮಹಾಲಿಂಗಪ್ಪ ನಗಲಿಲ್ಲ. ತಂದೆಯ ಕಾಲದಿಂದ ಸುತ್ತಲಿನ ಹಳ್ಳಿಗಳ ಮದುವೆಗೆ ಸೀರೆ, ಧೋತರ ಕೊಟ್ಟ ಅಂಗಡಿ ಅವನದು. ಈಚೆಗೆ ಮದುವೆಯ ಜವಳಿ ಎಂದರೆ ಜನ ಗದಗಿನ ಬಸ್ಸು ಹತ್ತುತ್ತಿದ್ದರು. ಅವನಿಗೆ ಉಳಿದದ್ದು ಟವೆಲ್ಲು, ಲಂಗದ ಬಟ್ಟೆ, ಕುಬಸದ ಕಣ. ಹೀಗೇ ಆದರೆ ಅಂಗಡಿಯ ನಡುವೆ ಗೋಡೆ ಎಬ್ಬಿಸಿ, ಅರ್ಧವನ್ನು ಮೊಬೈಲ್ ಅಂಗಡಿಯವರಿಗೆ ಬಾಡಿಗೆ ಕೊಡಬೇಕಾಗುತ್ತದೆ. ಅವರು ಜಾಗ ನೋಡಿಕೊಂಡೂ ಹೋಗಿದ್ದರು. ಮಗ ಕೊಟ್ರೇಶನ ಪ್ರಕಾರ ಇದಕ್ಕೆಲ್ಲ ಒಂದೇ ಔಷಧ: ಗಾಜಿನ ಬಾಗಿಲು ಮತ್ತು ಏಸಿ.

ಅವನು ತನ್ನ ಅಂಗಡಿಗೆ ಮರಳುವಷ್ಟರಲ್ಲಿ ಜಕ್ಕಲಿಯಿಂದ ತಂಗಿ ಗಾಳೆವ್ವ ಬಂದಳು.

"ಅಣ್ಣಾ, ಸೋಮವಾರ ಅನಿತಾನ ಲಗ್ನದ ಜವಳಿ ತಗಿಯೂನಂತ. ನೀ ಬರಬೇಕು. ಸೋದರಮಾವ ಇಲ್ಲದ ಹ್ಯಾಂಗ?"

"ಬರೂದೇನ ಬಂತು, ಇಲ್ಲೇ ಇರತೀನಲ್ಲ."

ಗಾಳೆವ್ವ ಸೆರಗು ಸರಿಮಾಡಿಕೊಂಡಳು. "ಗದಗಕ್ಕ ಹೋಗೂದೈತಿ ಅಣ್ಣಾ."

"ಒಡಹುಟ್ಟಿದವನ ಅಂಗಡಿ ಬಿಟ್ಟು?"

"ಬೀಗರ ಕಡೆ ಹೆಣಮಕ್ಕಳು ಹಂಗಂದ್ರಪಾ. ದಿನಾಪೂರ್ತಿ ಕುಂತ ನೋಡಬೇಕಂತ."

"ಇಲ್ಲಿ ಕುಂತ್ರ ಗಾದಿ ಚುಚ್ಚತೈತೇನ?"

"ನಿನ್ನ ಮಾಲಿಗೆ ಯಾರ ಹೆಸರಿಡತಾರ ಬಿಡು," ಎಂದು ತೇಲಿಸಿದಳು. ಚಹಾ ತರಿಸುತ್ತೇನೆ ಎಂದರೆ, "ಒಲ್ಲೆ, ಈಗರ ಕುಡದ ಬಂದೀನಿ."

ಅವನ ಅಂಗಡಿಯಲ್ಲಿ ಹೆಂಗಸರೆಲ್ಲ ಹೇಳುವ ಮಾತು ಅದೇ. ಚಹಾ ಒಲ್ಲೆ ಎಂದವರು ಬಹಳ ಹೊತ್ತು ಕೂಡುವುದಿಲ್ಲ ಎನ್ನುವುದನ್ನು ಅವನು ಗಮನಿಸಿದ್ದ. ಕುಡಿದರೆ ದಾಕ್ಷಿಣ್ಯಕ್ಕೆ ಬಿದ್ದು ಕೊಳ್ಳಬೇಕಾದೀತೆಂಬ ಹೆದರಿಕೆ ಎಂದು ತಾನೇ ಅರ್ಥ ಮಾಡಿಕೊಂಡಿದ್ದ. ಈಗ ತಂಗಿಯೂ ಹಾಗೇ ಎಂದಾಗ ಮನಸ್ಸಿಗೆ ಕೆಡುಕೆನಿಸಿತು.

ಸೋಮವಾರ ಗದಗಿನ ಅಂಗಡಿಯಲ್ಲಿ ಗಿರಾಕಿಯಾಗಿ ಕೂಡಬೇಕಾಯಿತು. ಪರಿಚಯದವರು ಯಾರಾದರೂ ಕಂಡಾರೆಂದು ಕಂಬದ ಮರೆ ಹಿಡಿದ. ಕೈ ಮಾತ್ರ ಸುಮ್ಮನಿರಲಿಲ್ಲ. ಸೀರೆಯ ಸೆರಗು, ದಡಿ ಎಲ್ಲ ಮುಟ್ಟಿ ನೋಡಿತು. ಅದೇ ಗಜೇಂದ್ರಗಡದ ಮಗ್ಗದ ಸೀರೆ, ಅದೇ ಇಳಕಲ್ ಸೀರೆ. ತನ್ನ ಕಪಾಟಿನಲ್ಲಿ ಇರುವುದಕ್ಕಿಂತ ಹೆಚ್ಚಿನದೇನೂ ಇಲ್ಲ. ಅಂದು ಕರೆಂಟು ಬೇರೆ ಹೋಗಿತ್ತು. ಏಸಿ ನಿಂತು, ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು. ಆದರೂ ಯಾರೂ ಏಳಲಿಲ್ಲ.

ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಬಂದೊಡನೆ ಹೆಂಗಸರು ಒಂದು ಸೀರೆಯನ್ನೂ ನೋಡದೆ, ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಹೋಗಿ ಬಂದಿದ್ದರು. ಬಂದವರು ಚಕ್ಕಳಮಕ್ಕಳ ಹಾಕಿ ಕುಳಿತರು. ಹೊಳೆಮಣ್ಣೂರಿನ ಬೀಗಿತಿ ಚನ್ನವ್ವ ಚಹಾ ಕುಡಿದು, ಇನ್ನೊಮ್ಮೆ ಕೇಳಿ ಕುಡಿದಳು. ಗಾಳೆವ್ವ ಬಾಟಲಿ ಎತ್ತಿ ನೀರು ಗಟಗಟ ಕುಡಿದಳು.

"ಹಿಂದ ಏನೈತಪಾ?" ಎಂದು ಮಹಾಲಿಂಗಪ್ಪ ಅಂಗಡಿಯ ಹುಡುಗನನ್ನು ಕೇಳಿದ.

"ಹೆಣಮಕ್ಕಳ ಬಾತ್‌ರೂಮ್ ಐತ್ರಿ ಕಾಕಾ. ಗಂಡಸರದು ಮ್ಯಾಲ."

ತಿರುಗಿ ಬರುವಾಗ ಬಸ್ಸಿನಲ್ಲಿ ತಂಗಿಯ ಪಕ್ಕದಲ್ಲಿ ಕುಳಿತ.

"ಗಾಳೆವ್ವಾ, ನನ್ನ ಅಂಗಡ್ಯಾಗ ಯಾಕ ಚಾ ಕುಡಿಯೂದಿಲ್ಲ ನೀ?"

ಅವಳು ಕಿಟಕಿಯ ಕಡೆ ಮುಖ ಮಾಡಿದಳು. "ಕುಡದು ಎಲ್ಲಿ ಹೋಗ್ಲಿ ಅಣ್ಣಾ? ಬಸ್‌ಸ್ಟ್ಯಾಂಡಿನ ಬಾತ್‌ರೂಮಿನ್ಯಾಗ ಹೊಲಸಿಗೆ ಕಾಲಿಡಾಕ ಬರೂದಿಲ್ಲ. ರೋಣಕ್ಕ ಬರೂ ದಿನಾ ಮುಂಜಾನಿಂದ ನೀರ ಸೈತ ಮುಟ್ಟೂದಿಲ್ಲ ನಾವು."

"ಒಂದ ಮಾತ ಹೇಳಬಾರದಾಗಿತ್ತೇನ?"

"ಅಣ್ಣನ ಮುಂದ ಹೇಳೂ ಮಾತೇನ ಅದು?"

ರಾತ್ರಿ ಊಟಕ್ಕೆ ಕುಳಿತಾಗ, ಅಂಗಡಿಯ ಹಿಂದೆ ಹಳೆ ಗಂಟು ತುಂಬಿದ ಕೋಣೆ ಖಾಲಿ ಮಾಡಿ ಹೆಂಗಸರಿಗೆ ಸಂಡಾಸ ಕಟ್ಟಿಸುತ್ತೇನೆ ಎಂದ. ಕೊಟ್ರೇಶನ ಕೈಯ ತುತ್ತು ಕೈಯಲ್ಲೇ ನಿಂತಿತು.

"ಅಪ್ಪಾ, ಮಂದಿ ಏಸಿ ಹಾಕಸ್ತಾರ. ನೀ ಸಂಡಾಸ ಕಟ್ಟಸ್ತಿ? ಖಾದರನ ಅಂಗಡ್ಯಾಗ ಬಿದ್ದ ಬಿದ್ದ ನಗತಾರ."

ರೊಟ್ಟಿ ಬಡಿಸುತ್ತಿದ್ದ ಸೊಸೆ ಪೂಜಾ ಅಂಗಡಿಯಲ್ಲಿ ಹೆಂಗಸರ ವ್ಯಾಪಾರ ನೋಡಿಕೊಳ್ಳುವವಳು. ಗಂಡನ ಕಡೆ ನೋಡದೆ ಹೇಳಿದಳು: "ನಾ ಮಧ್ಯಾಹ್ನ ಗಿರಾಕಿ ಬಿಟ್ಟ ಮನೀಗೆ ಓಡಿ ಬರೂದು ಊಟಕ್ಕಂತ ತಿಳದೀರೇನ?"

ಕೊಟ್ರೇಶ ತುತ್ತು ಬಾಯಿಗಿಟ್ಟ. ಮತ್ತೆ ಏಸಿಯ ಮಾತು ಬರಲಿಲ್ಲ.

ಕೆಲಸ ಮುಗಿಯಿತು. ಮೇಲೆ ನೀರಿನ ಟಾಕಿ, ಒಳಗೆ ಕೈತೊಳೆಯುವ ಬೇಸಿನ್ನು, ಕನ್ನಡಿ. ಕೀಲಿಕೈ ಪೂಜಾಳ ಸೊಂಟದಲ್ಲಿ. ಖಾದರನ ಅಂಗಡಿಯಲ್ಲಿ ನಕ್ಕರು ನಿಜ. "ಮಾಲಿಂಗಪ್ಪಾರು ಈಜುಕೊಳಾನೂ ಕಟ್ಟಸ್ತಾರೇನೋ ಕೇಳ್ರಿ," ಎಂದು ರಾಯರು ಅಂದರು. ಮರುವಾರ ಅವರ ಹೆಂಡತಿ ಅನಸೂಯಾಬಾಯಿ ದವಾಖಾನೆಯಿಂದ ಬರುವಾಗ ಸೀದಾ ಅಂಗಡಿಯೊಳಗೆ ಬಂದು ಪೂಜಾಳ ಹತ್ತಿರ ಕೀಲಿ ಕೇಳಿದರು. ಆಮೇಲೆ ರಾಯರು ಆ ಮಾತು ಆಡಲಿಲ್ಲ.

ಸಂತೆಯ ದಿನ ಮೆಣಸಿನಕಾಯಿ ಮಾರುವ ಹೆಂಗಸರೂ ಬರತೊಡಗಿದರು. "ಗಿರಾಕಿಗಳಿಗೆ ಮಾತ್ರ ಅಂತ ಬೋರ್ಡ್ ಹಾಕೂನೇನ?" ಎಂದು ಕೊಟ್ರೇಶ ಕೇಳಿದ.

"ಬ್ಯಾಡ. ಇವತ್ತ ಮೆಣಸಿನಕಾಯಿ ಮಾರಾಕ ಬಂದಾಕಿ ನಾಳೆ ಮಗಳ ಲಗ್ನಾ ಮಾಡತಾಳ. ಅವಾಗ ಆಕಿಗೆ ಯಾರ ಅಂಗಡಿ ನೆನಪಾಗಬೇಕು? ಅಲ್ಲದ, ಆಕಿಗೂ ಮುಂಜಾನಿಂದ ಸಂಜೀತನಕ ಸಂತ್ಯಾಗ ಕೂಡೂದಿರತೈತೆಲ್ಲಪಾ."

ಮೊಬೈಲ್ ಅಂಗಡಿಯವರು ಉತ್ತರ ಕೇಳಿ ಫೋನು ಮಾಡಿದರು. ಈ ಮದುವೆ ಸುಗ್ಗಿ ಕಳೆಯಲಿ ಎಂದ ಮಹಾಲಿಂಗಪ್ಪ. ಸುಗ್ಗಿ ಶುರುವಾಗಿ ದಿನಗಳಾದರೂ ಗಾದಿ ತುಂಬಿರಲಿಲ್ಲ. ಅವನಿಗೆ ಒಳಗೊಳಗೇ ಅಳುಕಿತ್ತು.

ಒಂದು ಮುಂಜಾನೆ ಹೊಳೆಮಣ್ಣೂರಿನ ಚನ್ನವ್ವ ತನ್ನ ಮಗಳ ಮದುವೆಯ ಜವಳಿಗೆಂದು ಮನೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು.

"ಗಾಳೆವ್ವ ಭಾಳ ಹೇಳ್ಯಾಳ್ರಿ ಅಣ್ಣಾರ. ಅದಕ ಸುಮ್ನ ನೋಡಿ ಹೋಗೂನಂತ ಬಂದೀವಿ."

"ಬರ್ರಿ, ಕುಂದರ್ರಿ. ಚಾ ತರಸ್ಲೇನ್ರಿ?"

"ಒಲ್ಲೆವ್ರಿ, ಈಗರ ಕುಡದ ಬಂದೀವಿ."

ಮಹಾಲಿಂಗಪ್ಪ ಗಂಟು ಬಿಚ್ಚುವ ಕೈ ತಡೆದು ಸೊಸೆಯ ಕಡೆ ನೋಡಿದ. ಪೂಜಾ ಎದ್ದು ಬಂದು ಚನ್ನವ್ವನ ಕಿವಿಯಲ್ಲಿ ಏನೋ ಹೇಳಿ, ಅವರನ್ನೆಲ್ಲ ಹಿಂದಕ್ಕೆ ಕರೆದೊಯ್ದಳು. ಅವನು ಬಾಗಿಲ ಕಡೆ ಮುಖ ಮಾಡಿ, ಮಡಚಿದ್ದ ಸೀರೆಯನ್ನೇ ಮತ್ತೆ ಮಡಚುತ್ತ ನಿಂತ.

ತಿರುಗಿ ಬಂದ ಚನ್ನವ್ವ ಗಾದಿಯ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಕಪಾಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಆ ಮ್ಯಾಲಿನವೂ ಇಳಸ್ರಿ. ಮತ್ತ... ಆಗಳೆ ಚಾ ಅಂದಿದ್ರೆಲ್ಲ?"

ಮಹಾಲಿಂಗಪ್ಪ ಅಂಗಡಿಯ ಬಾಗಿಲಿಗೆ ಬಂದು ಕೂಗಿದ: "ಖಾದರಾ! ಚಾ ಕಳಸೋ!"

"ಎಷ್ಟ್ರೀ?"

"ಎಷ್ಟಂತ ಕೇಳಬ್ಯಾಡ. ಕಿಟ್ಲಿ ತುಂಬ ಕಳಸು."